ಬೆರಳಗಲದ ಮೂಲೆ

ನಾನು ಎಕ್ಸ್‌ರೇ ಟೆಕ್ನಿಷಿಯನ್ ಆಗಿ ತಾಲ್ಲೂಕು ಆಸ್ಪತ್ರೆಯೊಂದಕ್ಕೆ ಸೇರಿದಾಗ ಇನ್ನೂ ಡಾರ್ಕ್‌ರೂಮಿನಲ್ಲಿ ಫಿಲಂ ತೊಳೆಯುವ ಕಾಲ. ಮೊದಲ ವಾರವೇ ಬೈಸಿಕೊಂಡೆ. ಎದೆಯ ಫಿಲಂ ಒಂದರಲ್ಲಿ ಶ್ವಾಸಕೋಶದ ನೆತ್ತಿಯೇ ಇರಲಿಲ್ಲ. ಶ್ವಾಸಕೋಶ ಕೊರಳೆಲುಬಿನ ಕೆಳಗೇ ಮುಗಿಯುತ್ತದೆ ಎಂದು ನಾನು ತಿಳಿದಿದ್ದೆ. ಅದರ ತುದಿ ಆ ಎಲುಬಿಗಿಂತ ಎರಡು ಮೂರು ಸೆಂಟಿಮೀಟರ್ ಮೇಲೆ, ಕತ್ತಿನ ಬುಡದವರೆಗೂ ಏರಿರುತ್ತದೆ. ಕ್ಷಯ ಹೆಚ್ಚಾಗಿ ಮನೆ ಮಾಡುವುದೂ ಆ ಮೇಲ್ಭಾಗದಲ್ಲೇ.

ಆ ಭಯದಲ್ಲಿ, ಫಿಲಂ ಇಡುವ ಚಪ್ಪಟೆ ಪೆಟ್ಟಿಗೆಯಾದ ಕ್ಯಾಸೆಟ್ಟನ್ನು ಎರಡು ಬೆರಳು ಮೇಲಕ್ಕೆ ಏರಿಸುವುದು ರೂಢಿಯಾಯಿತು. ಕ್ಯಾಸೆಟ್ಟಿನ ಉದ್ದ 43 ಸೆಂಟಿಮೀಟರ್. ಮೇಲೆ ಸಿಕ್ಕಿದ್ದು ಕೆಳಗೆ ಕಳೆಯುತ್ತದೆ. ಇಷ್ಟು ಸಣ್ಣ ಲೆಕ್ಕ ನನಗೆ ಹೊಳೆಯಲಿಲ್ಲ.

ಒಂದು ದಿನ ಅಜ್ಜಿಯೊಬ್ಬರು ಬಂದರು. ಬಲಭುಜದಲ್ಲಿ ನೋವು, ಉಸಿರೆಳೆದರೆ ಚುಚ್ಚುತ್ತದೆ ಎಂದರು. ಡಾಕ್ಟರ್ ಮೇಡಂ ಭುಜದ ಫಿಲಂ ಜೊತೆ ಎದೆಯದ್ದನ್ನೂ ಬರೆದಿದ್ದರು. ಭುಜದ ನೋವಿಗೆ ಎದೆಯ ಫಿಲಂ ಏಕೆ? ವಾಡಿಕೆಗೆ ಬರೆದಿರಬೇಕು ಎಂದುಕೊಂಡೆ. ಭುಜದ್ದನ್ನು ಅಚ್ಚುಕಟ್ಟಾಗಿ ತೆಗೆದೆ, ಎದೆಯದ್ದನ್ನು ತೆಗೆದು ಮುಗಿಸಿದೆ. ತೊಳೆದು ನೋಡಿದಾಗ ಬಲಗಡೆಯ ಕೆಳಮೂಲೆ ಬೆರಳಗಲ ಹೋಗಿತ್ತು. ಶ್ವಾಸಕೋಶವಂತೂ ಬಂದಿದೆಯಲ್ಲ, ಇನ್ನೊಂದು ಫಿಲಂ ಏಕೆ ದಂಡ ಎಂದು ಕಳುಹಿಸಿಬಿಟ್ಟೆ. ಅಜ್ಜಿಗೆ ಮಧ್ಯಾಹ್ನದ ಬಸ್ಸು ಬೇರೆ ಹಿಡಿಯಬೇಕಿತ್ತು.

ಮೇಡಂ ಫಿಲಂ ನೋಡಿ ನನ್ನನ್ನು ಕರೆಸಿದರು. ಬೈಯಲಿಲ್ಲ, ಬೈದಿದ್ದರೆ ಬೇಗ ಮುಗಿಯುತ್ತಿತ್ತು. ಕಾಗದದ ಮೇಲೆ ಪೆನ್ಸಿಲ್ಲಿನಲ್ಲಿ ಚಿತ್ರ ಬರೆದರು. ಶ್ವಾಸಕೋಶದ ಮೈಗೆ ಅಂಟಿದ ಪೊರೆ ಒಂದು, ಎದೆಗೂಡಿನ ಒಳಗೋಡೆಗೆ ಅಂಟಿದ ಪೊರೆ ಇನ್ನೊಂದು. ಎರಡೂ ಬೇರೆಯಲ್ಲ, ಶ್ವಾಸಕೋಶಕ್ಕೆ ಉಸಿರುನಾಳ ಸೇರುವ ಕಡೆ ಒಂದೇ ಪೊರೆ ಮಡಚಿಕೊಂಡಿರುವುದು. ಮಧ್ಯೆ ಎರಡು ಮೂರು ಚಮಚದಷ್ಟು ದ್ರವ. ನನಗೆ ತಕ್ಷಣ ನೆನಪಾದದ್ದು ತೊಟ್ಟಿಯಲ್ಲಿ ಅಂಟಿಕೊಂಡ ಎರಡು ಒದ್ದೆ ಫಿಲಂಗಳು: ಒಂದರ ಮೇಲೊಂದು ಸಲೀಸಾಗಿ ಜಾರುತ್ತವೆ, ನೇರವಾಗಿ ಎಳೆದರೆ ಬಿಡುವುದಿಲ್ಲ. ಎದೆಗೂಡು ಹಿಗ್ಗಿದಾಗ ಶ್ವಾಸಕೋಶವೂ ಅದರ ಜೊತೆಗೇ ಹಿಗ್ಗುವುದು ಈ ಅಂಟಿನಿಂದ.

ನಾನು ತಪ್ಪಿದ್ದು ಮುಂದಿನ ಮಾತಿನಲ್ಲಿ. ಸಾಧಾರಣ ಉಸಿರಾಟದಲ್ಲಿ ಶ್ವಾಸಕೋಶದ ಅಂಚು ಕಂಕುಳಿನ ನೇರಕ್ಕೆ ಎಂಟನೆಯ ಪಕ್ಕೆಲುಬಿನ ಹತ್ತಿರ, ಬೆನ್ನಿನ ಕಡೆ ಹತ್ತನೆಯದರ ಹತ್ತಿರ ನಿಲ್ಲುತ್ತದೆ. ಪೊರೆ ಅಲ್ಲಿಗೆ ನಿಲ್ಲುವುದಿಲ್ಲ, ಇನ್ನೂ ಎರಡು ಪಕ್ಕೆಲುಬು ಕೆಳಗಿಳಿಯುತ್ತದೆ. ಶ್ವಾಸಕೋಶವಿಲ್ಲದ ಆ ಕಿರಿದಾದ ಸಂದಿಯನ್ನೇ ನಾವು ಸಿ.ಪಿ. ಆಂಗಲ್ ಎನ್ನುವುದು. ಪೊರೆಗಳ ಮಧ್ಯೆ ನೀರು ತುಂಬಿದರೆ, ಎದ್ದು ನಿಂತವರಲ್ಲಿ ಅದು ಮೊದಲು ಇಳಿಯುವುದು ಅಲ್ಲಿಗೆ. ಎದುರಿನ ಫಿಲಂನಲ್ಲಿ ಆ ಮೂಲೆ ಮೊಂಡಾಗಿ ಕಾಣಲು ಸುಮಾರು 200 ಮಿಲಿಲೀಟರ್ ಬೇಕು. ಬೆನ್ನಿನ ಕಡೆಯ ಸಂದಿ ಹೆಚ್ಚು ಆಳವಾದ್ದರಿಂದ ಪಕ್ಕದಿಂದ ತೆಗೆದರೆ 50 ಮಿಲಿಲೀಟರ್ ಇದ್ದರೂ ತಿಳಿಯುತ್ತದೆ. ಮೇಡಂಗೆ ಬೇಕಾಗಿದ್ದದ್ದು ನಾನು ಕಳೆದಿದ್ದ ಆ ಬೆರಳಗಲವೇ.

"ಹಾಗಾದರೆ ನೋವು ಭುಜದಲ್ಲೇಕೆ ಮೇಡಂ?" ಎಂದೆ. ಶ್ವಾಸಕೋಶಕ್ಕೂ ಅದರ ಮೈಗಂಟಿದ ಪೊರೆಗೂ ನೋವು ತಿಳಿಯುವುದಿಲ್ಲವಂತೆ, ತಿಳಿಯುವುದು ಹೊರಪೊರೆಗೆ ಮಾತ್ರ. ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುಪರದೆಯಾದ ವಪೆಯ ನಡುಭಾಗವನ್ನು ಹೊದ್ದ ಹೊರಪೊರೆಗೆ ನರ ಬರುವುದು ಕತ್ತಿನಿಂದ. ಭುಜದ ಮೇಲಿನ ಚರ್ಮದ ನರಗಳು ಹೊರಡುವುದೂ ಹೆಚ್ಚುಕಡಿಮೆ ಅಲ್ಲಿಂದಲೇ. ಹಾಗಾಗಿ ಉರಿ ಕೆಳಗೆ, ದೂರು ಮೇಲೆ.

ಅಜ್ಜಿಯನ್ನು ಮತ್ತೆ ಕರೆಸಲು ನಾಲ್ಕು ದಿನ ಹಿಡಿಯಿತು. "ನೋವು ಎಷ್ಟೋ ವಾಸಿಯಾಗಿದೆ ತಮ್ಮಾ, ಸುಮ್ಮನೆ ಬಸ್ ಚಾರ್ಜು" ಎಂದು ಗೊಣಗಿದರು. ನನಗೂ ಸಮಾಧಾನವಾಯಿತು. ಆದರೆ ಮೇಡಂ ಮುಖ ಗಂಭೀರವಾಯಿತು. ಉರಿಯೆದ್ದ ಪೊರೆಗಳು ಒಂದಕ್ಕೊಂದು ಉಜ್ಜಿದಾಗ ನೋವು. ನೀರು ಹೆಚ್ಚಿ ಅವುಗಳನ್ನು ಬೇರ್ಪಡಿಸಿದರೆ ನೋವು ಕಡಿಮೆಯಾಗುತ್ತದೆ, ಏದುಸಿರು ಶುರುವಾಗುತ್ತದೆ. ಅಜ್ಜಿ ಮಂಚದವರೆಗೆ ನಡೆದದ್ದಕ್ಕೇ ಏದುತ್ತಿದ್ದರು.

ಈ ಸಲ ಕ್ಯಾಸೆಟ್ಟನ್ನು ಮೇಲೂ ಕೆಳಗೂ ಅಳೆದು ಇಟ್ಟೆ. ಆರು ಅಡಿ ದೂರ, ಗದ್ದ ಮೇಲೆ, ಭುಜ ಮುಂದೆ. "ಉಸಿರು ಪೂರ್ತಿ ಎಳೆದುಕೊಳ್ಳಿ ಅಜ್ಜಿ, ಬಿಡಬೇಡಿ." ಬಲಗಡೆ ಬಿಳಿ ಬಿಲ್ಲಿನಂತೆ ನೀರು ಏರಿತ್ತು. ಬೆನ್ನಿನಿಂದ ಸೂಜಿ ಹಾಕಿ ಹುಲ್ಲಿನ ಬಣ್ಣದ ನೀರು ತೆಗೆದರು. ಸೂಜಿ ಪಕ್ಕೆಲುಬಿನ ಮೇಲಂಚನ್ನು ಒತ್ತಿಕೊಂಡೇ ಹೋಗಬೇಕು, ಕೆಳಅಂಚಿನ ಅಡಿಯಲ್ಲಿ ರಕ್ತನಾಳವೂ ನರವೂ ಇರುತ್ತವೆ ಎಂದು ಅಂದೇ ತಿಳಿದದ್ದು. ಪರೀಕ್ಷೆಯಲ್ಲಿ ಕ್ಷಯ ಎಂದು ಬಂತು. ಆರು ತಿಂಗಳ ಮಾತ್ರೆ.

ಮಾತ್ರೆ ಮುಗಿದ ಮೇಲೆ ಇನ್ನೊಂದು ಫಿಲಂ ತೆಗೆದೆ. ಎಡಮೂಲೆ ಚೂಪು, ಬಲಮೂಲೆ ಮಾತ್ರ ಕೊಂಚ ಮೊಂಡಾಗಿಯೇ ಉಳಿದಿತ್ತು. ಪೊರೆ ದಪ್ಪಗಾದ ಗುರುತು, ಇರಲಿ ಎಂದರು ಮೇಡಂ. ನಾನು ಫಿಲಂ ಹಿಡಿದು ಮೂಲೆಗಳನ್ನೇ ನೋಡುತ್ತ ನಿಂತಿದ್ದುದನ್ನು ಕಂಡು ಅಜ್ಜಿ ಚೀಲ ಎತ್ತಿಕೊಂಡರು.

"ಮತ್ತೆ ಕರೆಯುತ್ತೀಯೇನೋ ತಮ್ಮಾ?"