ಕೊನೇ ಚಾಪ್ಟರ್‌ನಲ್ಲಿ ಯಾರೂ ರಕ್ಷಣೆ ಹೊಂದಲ್ಲ, ಯಾಕೆ ಅಂದ್ರೆ

ಭಾನುವಾರ ಆರಾಧನೆ ಮುಗಿದು ಹೊರಗೆ ಬರ್ತಿದ್ದ ಹಾಗೇ ಯಾರಾದ್ರೂ ಒಬ್ರು ಕೇಳೇ ಕೇಳ್ತಾರೆ, "ನಿಮ್ಮ ಕಾದಂಬರಿ ಓದಿದೆ ಸಿಸ್ಟರ್, ಚೆನ್ನಾಗಿದೆ, ಆದ್ರೆ ಆ ಹುಡುಗ ಕೊನೆಗೂ ಕರ್ತನ ಹತ್ರ ಬರಲೇ ಇಲ್ವಲ್ಲ?" ಅಂದ್ರೆ ಯೇಸುವನ್ನ ನಂಬಿ ರಕ್ಷಣೆ ಹೊಂದಲೇ ಇಲ್ವಲ್ಲ ಅಂತ. ನಾನು ನಕ್ಕು "ಮುಂದೆ ಬರ್ತಾನೇನೋ" ಅಂದು ಜಾರ್ಕೊಳ್ತೀನಿ. ಈಗ ಬರೀತಿರೋ ಕಾದಂಬರಿನೂ ಅದೇ ದಾರಿ ಹಿಡಿದಿರೋದ್ರಿಂದ ಒಂದ್ಸಲ ಸರಿಯಾಗಿ ಉತ್ತರ ಹೇಳಿಬಿಡೋಣ ಅನ್ನಿಸ್ತು.

ನಾನು ಬೆಳಗ್ಗೆ ಮನೇಲಿ ಉಳಿದವರು ಏಳೋ ಮುಂಚೆ ಬೈಬಲ್ ಓದ್ತೀನಿ, ಆಮೇಲೆ ಅದೇ ಟೇಬಲ್ ಮೇಲೆ ಲ್ಯಾಪ್‌ಟಾಪ್ ತೆಗೆದು ಬರೀತೀನಿ. ಇದರಲ್ಲಿ ದೊಡ್ಡ ಭಕ್ತಿ ಏನೂ ಇಲ್ಲ, ಸಿಗೋದೇ ಅಷ್ಟು ಟೈಮು. ಇಂಗ್ಲಿಷ್ ಕಾದಂಬರಿಕಾರ ಗ್ರಹಾಂ ಗ್ರೀನ್ ದಿನಕ್ಕೆ 500 ಪದ ಅಂತ ಲೆಕ್ಕ ಇಟ್ಕೊಂಡು ಬರೀತಿದ್ರಂತೆ, ನನಗೆ ಒಳ್ಳೇ ದಿನದಲ್ಲಿ ಅದರ ಅರ್ಧ ಆದ್ರೂ ಸಾಕಾಗುತ್ತೆ. ಪ್ರಾರ್ಥನೆ ಮಾಡಿ ಕೂತ್ರೆ ಕಾದಂಬರಿ ತಾನಾಗೇ ಹರಿದು ಬರುತ್ತೆ ಅಂದ್ಕೊಂಡಿರೋರು ಇದ್ದಾರೆ, ಇಲ್ಲ ಸ್ವಾಮಿ, ಕೆಟ್ಟ ಡೈಲಾಗ್ ಪ್ರಾರ್ಥನೆ ಮಾಡಿದ್ಮೇಲೂ ಕೆಟ್ಟ ಡೈಲಾಗೇ.

ಆದ್ರೆ ಎರಡನ್ನೂ ಒಂದರ ಹಿಂದೆ ಒಂದು ಮಾಡೋದ್ರಿಂದ ಒಂದು ವಿಷಯ ಕಣ್ಣಿಗೆ ಹೊಡೀತು. ನಾವು ಕಥೆಗಳಿಗೆ ಬಯಸೋ ತರದ ಮುಕ್ತಾಯ ಬೈಬಲ್‌ನಲ್ಲೇ ಎಷ್ಟೋ ಕಡೆ ಇಲ್ಲ. ಲೂಕನ ಸುವಾರ್ತೆ 15ನೇ ಅಧ್ಯಾಯದಲ್ಲಿ ಯೇಸು ಹೇಳೋ ಕಥೆ ತಗೊಳ್ಳಿ, ಮನೆ ಬಿಟ್ಟು ಹೋದ ಕಿರಿ ಮಗ ವಾಪಸ್ ಬಂದ, ಹಬ್ಬ ಶುರುವಾಯ್ತು, ಸರಿ, ಆದ್ರೆ ಹಿರಿಯವನು ಮುನಿಸ್ಕೊಂಡು ಹೊರಗೇ ನಿಂತ, ಅಪ್ಪನೇ ಹೊರಗೆ ಬಂದು ಬೇಡ್ಕೊಂಡ, ಆಮೇಲೆ? ಅವನು ಒಳಗೆ ಹೋದ್ನಾ ಇಲ್ವಾ ಅಂತ ಯೇಸು ಹೇಳೋದೇ ಇಲ್ಲ. ಆ ಕಥೆ ಕೇಳ್ತಾ ನಿಂತಿದ್ದ ಫರಿಸಾಯರೇ (ಧರ್ಮಶಾಸ್ತ್ರ ಕಟ್ಟುನಿಟ್ಟಾಗಿ ಪಾಲಿಸ್ತಿದ್ದ ಯೆಹೂದಿ ಗುಂಪಿನವರು) ಆ ಹಿರಿ ಮಗ, ಅವರಿನ್ನೂ ತೀರ್ಮಾನ ಮಾಡಿರ್ಲಿಲ್ಲ, ಹಾಗಿದ್ದಾಗ ಕಥೆ ಹೇಗೆ ಮುಗಿಸೋದು! ಯೋನನ ಪುಸ್ತಕ ಇನ್ನೂ ಮಜಾ. ನಾಶ ಆಗ್ಬೇಕಿದ್ದ ನಿನೆವೆ ಪಟ್ಟಣ ಉಳೀತು ಅಂತ ಪ್ರವಾದಿಗೇ ಸಿಟ್ಟು, ದೇವರು ಅವನಿಗೊಂದು ಪ್ರಶ್ನೆ ಕೇಳ್ತಾನೆ, ಒಂದು ಲಕ್ಷ ಇಪ್ಪತ್ತು ಸಾವಿರಕ್ಕಿಂತ ಜಾಸ್ತಿ ಜನ ಇದ್ದಾರೆ, ಜೊತೆಗೆ ದನಕರು ಬೇರೆ, ನಾನು ಮರುಗಬಾರದಾ ಅಂತ. ಅಷ್ಟೇ, ಪುಸ್ತಕ ಮುಗೀತು. ದನಗಳ ಮಾತಲ್ಲಿ ಮುಗಿಯೋ ಪ್ರವಾದನೆ ಪುಸ್ತಕ! ಯಾವ ಎಡಿಟರ್ ಒಪ್ತಾರೆ ಹೇಳಿ. ಮಾರ್ಕನ ಸುವಾರ್ತೆಯ ಅತಿ ಹಳೇ ಹಸ್ತಪ್ರತಿಗಳು 16:8ಕ್ಕೇ ನಿಂತುಬಿಡ್ತವೆ, ಹೆಂಗಸರು ಯೇಸುವಿನ ಸಮಾಧಿಯಿಂದ ಓಡಿಹೋದ್ರು, ಹೆದರಿದ್ರಿಂದ ಯಾರಿಗೂ ಏನೂ ಹೇಳ್ಲಿಲ್ಲ ಅನ್ನೋ ಕಡೆ. 88ನೇ ಕೀರ್ತನೆಯಂತೂ ಕತ್ತಲೇಲೇ ಮುಗಿಯುತ್ತೆ, ಬೇರೆ ಅಳಲಿನ ಕೀರ್ತನೆಗಳಲ್ಲಿ ಸಾಮಾನ್ಯವಾಗಿ ಕೊನೆಗಾದ್ರೂ ಬರೋ ಸ್ತೋತ್ರದ ಸಾಲು ಅದರಲ್ಲಿ ಇಲ್ವೇ ಇಲ್ಲ. ದೇವರ ವಾಕ್ಯವೇ ಇಷ್ಟು ಧೈರ್ಯವಾಗಿ ಬಿಟ್ಟುಬಿಡೋವಾಗ ನಾನ್ಯಾಕೆ ಕೊನೇ ಪುಟದಲ್ಲಿ ಎಲ್ಲರನ್ನೂ ಮೊಣಕಾಲೂರಿಸಬೇಕು?

ಸಾಕ್ಷಿ ಹೇಳೋದು, ಅಂದ್ರೆ ನಾನು ಹೇಗೆ ನಂಬಿಕೆಗೆ ಬಂದೆ ಅಂತ ಸಭೇಲಿ ಹೇಳೋದು, ಬೇರೆ, ಕಾದಂಬರಿ ಬೇರೆ ಅಂತ ನನ್ನ ಲೆಕ್ಕ. ಸಾಕ್ಷಿ ಹೇಳೋವಾಗ ಕೊನೆ ನನಗೆ ಗೊತ್ತು, ಯಾಕಂದ್ರೆ ಅದು ನನ್ನದೇ ಬದುಕು. ಪಾತ್ರದ ಮೇಲೆ ಮಾನಸಾಂತರ (ಮನಸ್ಸು ತಿರುಗಿಸಿ ದೇವರ ಕಡೆ ಬರೋದು) ಹೇರಿದ್ರೆ ಅವಿಶ್ವಾಸಿ ಓದುಗರಿಗೆ ಎರಡೇ ಪುಟದಲ್ಲಿ ವಾಸನೆ ಹೊಡೆಯುತ್ತೆ, ವಿಶ್ವಾಸಿಗಳಿಗೂ ಹೊಡೆಯುತ್ತೆ, ಅವರು ಹೇಳಲ್ಲ ಅಷ್ಟೇ.

ಬೈಗುಳದ ಸಮಸ್ಯೆ ಇನ್ನೊಂದು. ಕುಡುಕ ಪಾತ್ರ ಒಂದಿದೆ, ಅವನು "ಅಯ್ಯೋ ನಿನ್ನ" ಅಂದ್ರೆ ಯಾರೂ ನಂಬಲ್ಲ, ನಿಜವಾದ್ದು ಬರೆದ್ರೆ ಸಂಡೇ ಸ್ಕೂಲ್ ಮಕ್ಕಳ ಮುಂದೆ ನಾನು ನಿಲ್ಲೋದ್ಹೇಗೆ. ಇದಕ್ಕೂ ದಾರಿ ಸಿಕ್ಕಿದ್ದು ಮತ್ತಾಯನ ಸುವಾರ್ತೆ 26ನೇ ಅಧ್ಯಾಯದಲ್ಲಿ. ಶಿಷ್ಯ ಪೇತ್ರ ಯೇಸುವನ್ನ ಗೊತ್ತಿಲ್ಲ ಅಂದಾಗ ಶಾಪ ಹಾಕ್ಕೊಂಡು ಆಣೆ ಇಟ್ಟ ಅಂತ ಇದೆ, ಏನಂತ ಶಪಿಸ್ಕೊಂಡ ಅನ್ನೋದನ್ನ ಮತ್ತಾಯ ಬರೆದಿಲ್ಲ. ನಾನೂ ಅದನ್ನೇ ಮಾಡ್ತಿದ್ದೀನಿ, ಬೈದ ಅಂತ ಬರೆದು ಕೇಳಿಸ್ಕೊಂಡವರ ಮುಖ ತೋರಿಸಿದ್ರೆ ಸಾಕು.

ಓದೋದ್ರಲ್ಲಿ ಈಗ ಮತ್ತೆ ರಷ್ಯನ್ ಕಾದಂಬರಿಕಾರ ದಸ್ತಯೇವ್ಸ್ಕಿ. ಸೈಬೀರಿಯಾ ಜೈಲಿಗೆ ಹೋಗೋ ದಾರೀಲಿ 1850ರಲ್ಲಿ ಸಿಕ್ಕ ಹೊಸ ಒಡಂಬಡಿಕೆ ಪುಸ್ತಕಾನ 1881ರಲ್ಲಿ ಸಾಯೋವರೆಗೂ ಜೊತೇಲೇ ಇಟ್ಕೊಂಡಿದ್ದ ಮನುಷ್ಯ ಆತ, ಆದ್ರೂ 'ಬ್ರದರ್ಸ್ ಕರಮಜೋವ್'ನಲ್ಲಿ ದೇವರ ವಿರುದ್ಧದ ಅತೀ ಬಲವಾದ ವಾದಾನ ಇವಾನ್ ಅನ್ನೋ ಪಾತ್ರದ ಕೈಗೆ ಕೊಟ್ಟುಬಿಡ್ತಾನೆ. ಮಕ್ಕಳ ಕಷ್ಟದ ಬಗ್ಗೆ ಇವಾನ್ ಕೇಳೋದನ್ನ ಓದಿದ್ರೆ ಇವತ್ತಿಗೂ ಹೊಟ್ಟೆ ತೊಳಸುತ್ತೆ. ಆ ವಾದಕ್ಕೆ ತಾನು ಬರೀತಿರೋ ಉತ್ತರ ಸಾಲುತ್ತೋ ಇಲ್ವೋ ಅಂತ 1879ರಲ್ಲಿ ಪತ್ರದಲ್ಲಿ ದಸ್ತಯೇವ್ಸ್ಕಿಯೇ ದಿಗಿಲುಪಟ್ಟಿದ್ದಾನೆ. ವಿರೋಧಿ ಪಾತ್ರಾನ ಪೆದ್ದು ಮಾಡಿ ಗೆಲ್ಲೋದು ಸುಲಭ, ಬಹಳಷ್ಟು ಕ್ರೈಸ್ತ ಕಾದಂಬರಿಗಳು ಸೋಲೋದೇ ಅಲ್ಲಿ.

ಅಮೆರಿಕದ ಕಥೆಗಾರ್ತಿ ಫ್ಲಾನರಿ ಓ'ಕಾನರ್ ಕೂಡ ಹತ್ರ ಅನ್ನಿಸ್ತಾರೆ. ಲೂಪಸ್ ಕಾಯಿಲೆ ಇಟ್ಕೊಂಡು, ಶಕ್ತಿ ಇರೋ ಬೆಳಗಿನ ಗಂಟೆಗಳನ್ನೆಲ್ಲ ಬರವಣಿಗೆಗೇ ಮೀಸಲಿಟ್ಟು, 1964ರಲ್ಲಿ 39ನೇ ವಯಸ್ಸಿಗೇ ತೀರ್ಕೊಂಡ್ರು. ಅವರ ಕಥೆಗಳಲ್ಲಿ ದೇವರ ಕೃಪೆ ಬರೋದೇ ಏಟು ಬಿದ್ದ ಹಾಗೆ, ಯಾರೂ ಕೇಳದೇ ಇದ್ದಾಗ.

ಹೊಸ ಕಾದಂಬರೀಲಿ ಸಭಾಪಾಲಕರ (ಪಾಸ್ಟರ್) ಮಗಳೊಬ್ಬಳು ನಂಬಿಕೆ ಬಿಟ್ಟು ಅಪ್ಪನ ಎದುರಿಗೆ ಕೂತು ಯಾಕೆ ಅಂತ ಹೇಳ್ತಾಳೆ. ಅವಳ ಮಾತು ಸರಾಗವಾಗಿ ಬಂತು, ಅಷ್ಟು ಸರಾಗವಾಗಿ ಬಂದಿದ್ದಕ್ಕೆ ನನಗೇ ಸ್ವಲ್ಪ ಭಯ ಆಯ್ತು. ಅಪ್ಪನ ಉತ್ತರ ಮಾತ್ರ ಬರ್ತಿಲ್ಲ, ಬೈಬಲ್ ವಾಕ್ಯ ಎತ್ತಿ ಹೇಳಿಸಿದ್ರೆ ಚರ್ಚ್ ಪ್ರಸಂಗ ಆಗುತ್ತೆ, ಅತ್ತುಬಿಟ್ರೆ ಸಿನಿಮಾ ಆಗುತ್ತೆ. ನಮ್ಮನೆಯವರು ಓದಿ "ಪಾಪ, ಅವನಿಗೂ ಏನಾದ್ರೂ ಕೊಡು ಮಾರಾಯ್ತಿ" ಅಂದ್ರು. ಸದ್ಯಕ್ಕೆ ಅಪ್ಪನ ಕೈಲಿ ಅವಳ ಸ್ಕೂಟರ್ ಪಂಕ್ಚರ್ ಹಾಕಿಸ್ತಿದ್ದೀನಿ, ಅವಳು ಮಾತಾಡ್ತಾನೇ ಇರ್ತಾಳೆ, ಅವನು ನಟ್ಟು ಬಿಚ್ತಾ ಇರ್ತಾನೆ. ಆ ಸೀನ್ ನಿಲ್ಲುತ್ತೋ ಇಲ್ವೋ ಡ್ರಾಫ್ಟ್ ಮುಗಿದ್ಮೇಲೆ ನೋಡ್ಬೇಕು.