ಹೇಳಿದ ಕ್ರಮ, ನಡೆದ ಕ್ರಮ

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ನಾನು ಸ್ಟೋರ್ಸ್ ನೋಡಿಕೊಳ್ಳುತ್ತೇನೆ. ಅಲ್ಲಿನ ಆಂತರಿಕ ಸಮಿತಿಯಲ್ಲೂ ಇದ್ದೇನೆ. ಲೈಂಗಿಕ ಕಿರುಕುಳದ ದೂರು ಬಂದರೆ ವಿಚಾರಣೆ ಮಾಡುವುದು ಈ ಸಮಿತಿಯೇ. 2013ರ ಕಾಯ್ದೆ ಪ್ರಕಾರ 10 ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಕಡೆ ಇದು ಇರಲೇಬೇಕು. ಅಧ್ಯಕ್ಷೆ ಹಿರಿಯ ಮಹಿಳಾ ಉದ್ಯೋಗಿ. ಸದಸ್ಯರಲ್ಲಿ ಅರ್ಧದಷ್ಟಾದರೂ ಹೆಂಗಸರು, ಹೊರಗಿನಿಂದ ಒಬ್ಬರು. ನಾವು ನಾಲ್ಕು ಜನ, ಯಾರೂ ವಕೀಲರಲ್ಲ.

ವಿಚಾರಣೆಯ ವಿಷಯ ಹೊರಗೆ ಹೇಳುವಂತಿಲ್ಲ, ಅದು ಕಾನೂನು. ಹಾಗಾಗಿ ದೂರು ಏನು, ಯಾವ ವರ್ಷ, ಕೊನೆಗೆ ಏನಾಯಿತು, ಯಾವುದನ್ನೂ ಬರೆಯುವುದಿಲ್ಲ. ಬರೆಯುತ್ತಿರುವುದು ಮೇಜಿನ ಈಚೆ ಕೂತಿದ್ದ ನಮ್ಮ ಬಗ್ಗೆ.

ನನ್ನ ಮೊದಲ ವಿಚಾರಣೆ. ದೂರು ಕೊಟ್ಟಾಕೆಯ ಮಾತು ಹಿಂದೆ ಮುಂದೆ ಆಗುತ್ತಿತ್ತು. ಕೊನೆಯಲ್ಲಿ ಆದದ್ದು ಮೊದಲು ಬಂತು, ಮೊದಲು ಆದದ್ದು ನಡುವೆ ಎಲ್ಲೋ ಬಂತು. ಆಮೇಲೆ ಆರೋಪ ಬಂದವರು ಫೈಲ್ ಹಿಡಿದು ತಾರೀಖು, ಶಿಫ್ಟ್ ಸಮೇತ ಒಂದಾದ ಮೇಲೊಂದು ಹೇಳಿ ಹೋದರು. ಬಾಗಿಲು ಮುಚ್ಚುತ್ತಿದ್ದಂತೆ ನಾನು, "ಇವರು ಹೇಳಿದ್ದು ಸರಿಯಾಗಿ ಕೂರುತ್ತೆ, ಅಲ್ವಾ?" ಅಂದೆ. ಇಬ್ಬರು ತಲೆಯಾಡಿಸಿದರು.

ಹೊರಗಿನ ಸದಸ್ಯೆ ಮಾತ್ರ ಕೇಳಿದರು: "ಏನು ಕೂರುತ್ತೆ ಸಾರ್? ನಡೆದದ್ದೋ, ಅವರು ಹೇಳಿದ ರೀತಿಯೋ?"

ಅವರೇ ಅವತ್ತು ಜ್ಯೂರಿಗಳ ವಿಷಯ ಹೇಳಿದ್ದು. ಅಮೆರಿಕದಲ್ಲಿ ಕೆಲಸದ ಜಾಗದ ಕಿರುಕುಳಕ್ಕೆ ಪರಿಹಾರ ಕೇಳುವ ಮೊಕದ್ದಮೆ ಜ್ಯೂರಿ, ಅಂದರೆ ಕೋರ್ಟಿನಲ್ಲಿ ಕೂತು ತೀರ್ಪು ಹೇಳುವ ನಾಗರಿಕರ ತಂಡದ ಮುಂದೆ ಹೋಗಬಹುದು. 1991ರ ನಾಗರಿಕ ಹಕ್ಕುಗಳ ಕಾಯ್ದೆ ಅದಕ್ಕೆ ದಾರಿ ಮಾಡಿತು. ಅಲ್ಲಿ ಕೂರುವವರೂ ನಮ್ಮ ಹಾಗೆ ಮಾಮೂಲಿ ಜನ. ಅಂಥವರು ಹೇಗೆ ತೀರ್ಮಾನಕ್ಕೆ ಬರುತ್ತಾರೆ ಎಂದು ನ್ಯಾನ್ಸಿ ಪೆನ್ನಿಂಗ್ಟನ್ ಮತ್ತು ರೀಡ್ ಹೇಸ್ಟಿ ಎಂಬ ಮನಶ್ಶಾಸ್ತ್ರಜ್ಞರು ಅಧ್ಯಯನ ಮಾಡಿದ್ದಾರೆ. ಜನ ಸಾಕ್ಷ್ಯಗಳನ್ನು ತಕ್ಕಡಿಯಲ್ಲಿಟ್ಟು ಒಂದೊಂದಾಗಿ ತೂಗುವುದಿಲ್ಲ. ಮನಸ್ಸಿನಲ್ಲಿ ಒಂದು ಕಥೆ ಕಟ್ಟಿಕೊಳ್ಳುತ್ತಾರೆ, ಬಿಟ್ಟುಹೋದ ಜಾಗವನ್ನು ತಮ್ಮ ಅನುಭವದಿಂದ ತುಂಬುತ್ತಾರೆ. ಕೊಲೆ ಪ್ರಕರಣವೊಂದರ ಸಾಕ್ಷ್ಯ ಇಟ್ಟುಕೊಂಡು 1988ರಲ್ಲಿ ಅವರು ಪ್ರಕಟಿಸಿದ ಪ್ರಯೋಗದಲ್ಲಿ, ಯಾವ ಕಡೆಯ ಸಾಕ್ಷ್ಯ ಘಟನೆ ನಡೆದ ಕ್ರಮದಲ್ಲಿ ಬಂತೋ ತೀರ್ಪು ಆ ಕಡೆಗೆ ವಾಲಿತು.

ನನಗೆ ಕಸಿವಿಸಿಯಾಯಿತು. ನಾವು ಮಾಡಿದ್ದೂ ಅದನ್ನೇ.

ನಾನು ತುಂಬಿದ ಖಾಲಿ ಜಾಗ ಯಾವುದು ಗೊತ್ತಾ? "ನಿಜವಾಗಿ ಹಾಗಾಗಿದ್ದರೆ ಅವತ್ತೇ ಹೇಳಬೇಕಿತ್ತು." ಕಾಯ್ದೆ ದೂರು ಕೊಡಲು 3 ತಿಂಗಳು ಕೊಡುತ್ತದೆ. ತಡವಾಗಲು ಸರಿಯಾದ ಕಾರಣ ಇದ್ದರೆ ಸಮಿತಿ ಇನ್ನೂ 3 ತಿಂಗಳು ಕೊಡಬಹುದು. ಅವತ್ತೇ ಹೇಳಬೇಕು ಎಂಬ ನಿಯಮವನ್ನು ಸೇರಿಸಿದ್ದು ನಾನು. ಇನ್ನೊಬ್ಬರು, "ಅವರು ನನ್ನ ಜೊತೆ ಯಾವತ್ತೂ ಹಾಗೆ ನಡೆದುಕೊಂಡಿಲ್ಲ" ಅಂದರು. ಅದು ನಿಜವೇ ಇರಬಹುದು. ಆದರೆ ಈ ಸದಸ್ಯರ ರಜೆ, ಶಿಫ್ಟ್ ಆರೋಪ ಬಂದವರ ಕೈಯಲ್ಲಿ ಯಾವತ್ತೂ ಇರಲಿಲ್ಲ.

ಹಾಗಂತ ಕಣ್ಣು ಮುಚ್ಚಿ ದೂರಿನ ಕಡೆ ವಾಲುವುದೂ ನ್ಯಾಯವಲ್ಲ. ಆರೋಪ ಬಂದವರಿಗೆ ದೂರಿನ ಪ್ರತಿ ಸಿಗಬೇಕು, ಉತ್ತರಕ್ಕೆ 10 ಕೆಲಸದ ದಿನ ಸಿಗಬೇಕು. ಹಾಗೆಯೇ ದೂರು ಸಾಬೀತಾಗಲಿಲ್ಲ ಅಂದ ಮಾತ್ರಕ್ಕೆ ಅದು ಸುಳ್ಳು ದೂರಾಗುವುದಿಲ್ಲ. ಇದನ್ನು ಕಾಯ್ದೆಯೇ ಹೇಳಿದೆ, ಆದರೂ ಎಷ್ಟೋ ಮ್ಯಾನೇಜರ್‌ಗಳ ತಲೆಗೆ ಇನ್ನೂ ಹೋಗಿಲ್ಲ.

ಸ್ಟೋರ್ಸ್‌ನಲ್ಲಿ ನಾನು ಬಿನ್ ಕಾರ್ಡ್, ಅಂದರೆ ಒಂದೊಂದು ಸಾಮಾನಿನ ಲೆಕ್ಕದ ಚೀಟಿ, ನೋಡದೆ ಸ್ಟಾಕ್ ಬರೆಯುವುದಿಲ್ಲ. ಅದೇ ಅಭ್ಯಾಸ ಇಲ್ಲಿಗೆ ತಂದೆ. ಗೋಡೆಗೆ ಉದ್ದದ ಡ್ರಾಯಿಂಗ್ ಶೀಟ್ ಅಂಟಿಸಿ ತಾರೀಖುಗಳನ್ನು ಬರೆದೆವು. ಯಾರು ಯಾವ ಕ್ರಮದಲ್ಲೇ ಹೇಳಲಿ, ಇಬ್ಬರ ಮಾತೂ ಅದರದರ ತಾರೀಖಿನ ಕೆಳಗೆ ಹೋಗಬೇಕು. ಪಕ್ಕದಲ್ಲಿ ಹಾಜರಿ ಪುಸ್ತಕ, ಗೇಟ್ ರಿಜಿಸ್ಟರ್, ವಾಟ್ಸಾಪ್ ಮೆಸೇಜ್. ಒಬ್ಬರು ಹೇಳಿ ಹೋದ ಮೇಲೆ ಹತ್ತು ನಿಮಿಷ ನಾವು ಪರಸ್ಪರ ಮಾತಾಡುವುದಿಲ್ಲ. ತಮಗೆ ಅನಿಸಿದ್ದನ್ನು ತಮ್ಮ ತಮ್ಮ ಹಾಳೆಯಲ್ಲಿ ಬರೆಯುತ್ತೇವೆ. ಅಧ್ಯಕ್ಷೆ ಮೇಡಂ ಕೊನೆಯಲ್ಲಿ ಓದುತ್ತಾರೆ. ಅವರು ಮೊದಲೇ ಓದಿಬಿಟ್ಟರೆ ಉಳಿದವರು ಸುಮ್ನೆ ಹೂಂ ಅನ್ನುತ್ತೇವೆ.

ದೂರು ಕೊಟ್ಟಾಕೆಯನ್ನು ಎರಡನೇ ಸಲ ಕರೆದಾಗ ಪ್ರಶ್ನೆ ಕೇಳುವ ಸರದಿ ನನ್ನದು. ಮೊದಲ ದಿನ "ಯಾಕೆ ಹೇಳಲಿಲ್ಲ?" ಎಂದು ಕೇಳಿದ್ದಕ್ಕೆ ಆಕೆ ತಲೆ ತಗ್ಗಿಸಿ ಸುಮ್ಮನಾಗಿದ್ದರು. ಈ ಸಲ ಶೀಟಿನ ಮೊದಲ ತಾರೀಖು ತೋರಿಸಿ, "ಅವತ್ತು ಆದಮೇಲೆ ಏನಾಯಿತಮ್ಮ?" ಅಂದೆ. ಆಕೆ ಒಂದು ಗಂಟೆಗೂ ಹೆಚ್ಚು ಹೊತ್ತು ಮಾತಾಡಿದರು.