ಸ್ಮಾರ್ಟ್ ರೇಡಿಯೇಟರ್ ವಾಲ್ವ್ ಅಳೆಯುವುದು ಯಾವ ತಾಪಮಾನವನ್ನು?

ಬಾಯ್ಲರ್ ಕಾಯಿಸಿದ ನೀರು ಹರಿದು ಕೋಣೆಯನ್ನು ಬೆಚ್ಚಗಾಗಿಸುವ ರೇಡಿಯೇಟರಿಗೆ, ಆ ನೀರಿನ ಹರಿವನ್ನು ತಾನೇ ಹೊಂದಿಸುವ ಸ್ಮಾರ್ಟ್ ವಾಲ್ವ್ ಕೂರಿಸಿ, ಮೊಬೈಲಿನಲ್ಲಿ 21 ಡಿಗ್ರಿ ಎಂದು ಗೊತ್ತುಮಾಡಿದ ಮೇಲೂ ಕೋಣೆ ಒಮ್ಮೆ ತಣ್ಣಗೆ, ಇನ್ನೊಮ್ಮೆ ಸೆಕೆಯಾಗಿ ಇರುವುದುಂಟು. ವಾಲ್ವ್ ಕಳಪೆಯಾಗಿರಬೇಕೆಂದು ಹಲವರು ಭಾವಿಸುತ್ತಾರೆ. ನಾನು ನೋಡಿದ ಮಟ್ಟಿಗೆ ಮೊದಲು ಅನುಮಾನಿಸಬೇಕಾದದ್ದು ಅಳತೆ ನಡೆಯುವ ಜಾಗವನ್ನು.

ವಾಲ್ವಿನ ಒಳಗಿನ ಸೆನ್ಸರ್ ಬಿಸಿನೀರಿನ ಕೊಳವೆಗೆ ಕೆಲವೇ ಸೆಂಟಿಮೀಟರ್ ದೂರದಲ್ಲಿರುತ್ತದೆ. ಮನೆ ಬೆಚ್ಚಗಿದೆಯೇ ಎಂದು ಒಲೆಯ ಮುಂದೆ ಕುಳಿತವರನ್ನು ಕೇಳಿದಂತೆ ಇದು. ರೇಡಿಯೇಟರ್ ಕಾದಾಗ ಸೆನ್ಸರ್ ಕೋಣೆಯ ನಿಜವಾದ ತಾಪಮಾನಕ್ಕಿಂತ ಕೆಲವು ಡಿಗ್ರಿ ಹೆಚ್ಚು ತೋರಿಸಿ, ವಾಲ್ವ್ ಬೇಗನೆ ಮುಚ್ಚಿಕೊಳ್ಳುತ್ತದೆ. ಮುಂದೆ ಪರದೆಯೋ ಸೋಫಾವೋ ಇದ್ದರೆ ಬಿಸಿಗಾಳಿ ಅಲ್ಲೇ ನಿಂತು ದೋಷ ಇನ್ನಷ್ಟು ಬೆಳೆಯುತ್ತದೆ. ಆ್ಯಪ್‌ನಲ್ಲಿ ಒಂದು ತಿದ್ದುಪಡಿ ಸಂಖ್ಯೆಯನ್ನು ನಮೂದಿಸುವ ಅವಕಾಶವಿದ್ದರೂ ಅದರಿಂದ ಪೂರ್ಣ ಪರಿಹಾರ ಸಿಗದು, ಏಕೆಂದರೆ ಈ ದೋಷ ಸ್ಥಿರವಾದದ್ದಲ್ಲ: ರೇಡಿಯೇಟರ್ ಕಾದಾಗ ಹೆಚ್ಚುತ್ತದೆ, ತಣಿದಾಗ ಇಲ್ಲವಾಗುತ್ತದೆ.

ಸಮಸ್ಯೆ ಹೊಸದೇನೂ ಅಲ್ಲ. ಡೆನ್ಮಾರ್ಕಿನ ಡ್ಯಾನ್‌ಫಾಸ್ ಸಂಸ್ಥೆಯ ಮ್ಯಾಡ್ಸ್ ಕ್ಲೌಸೆನ್ 1943ರಲ್ಲಿ ರೂಪಿಸಿದ, ತಾಪಮಾನಕ್ಕೆ ತಕ್ಕಂತೆ ತಾನೇ ತೆರೆದು ಮುಚ್ಚುವ ಥರ್ಮೋಸ್ಟಾಟಿಕ್ ವಾಲ್ವಿನ ಪರಂಪರೆಯಲ್ಲಿಯೂ, ಸೆನ್ಸರನ್ನು ತೆಳುವಾದ ಕೊಳವೆಯ ಮೂಲಕ ರೇಡಿಯೇಟರಿನಿಂದ ದೂರಕ್ಕೆ ಒಯ್ಯುವ ಮಾದರಿಗಳು ಬಂದಿವೆ. ಇಂದು ಅದೇ ಕೆಲಸವನ್ನು ಜಿಗ್ಬಿಯಂಥ ರೇಡಿಯೋ ಸಂಪರ್ಕದಿಂದ ಅಳತೆಯನ್ನು ಕಳುಹಿಸುವ ನಿಸ್ತಂತು ಸೆನ್ಸರ್ ಮಾಡಬಲ್ಲದು. ಅದನ್ನು ನಾವು ಕುಳಿತುಕೊಳ್ಳುವ ಎತ್ತರದಲ್ಲಿ, ಒಳಗೋಡೆಯ ಮೇಲೆ, ಬಿಸಿಲು, ಟಿವಿ, ಬಾಗಿಲ ಗಾಳಿ ಯಾವುದೂ ತಾಕದ ಕಡೆ ಇಡಬೇಕು. ಹೊರಗಿನ ಸೆನ್ಸರಿನ ಅಳತೆಯನ್ನು ನೇರವಾಗಿ ಸ್ವೀಕರಿಸಿ, ಎಷ್ಟು ತೆರೆಯಬೇಕೆಂಬುದನ್ನು ತಾನೇ ಲೆಕ್ಕಹಾಕುವ ವಾಲ್ವ್ ಎಲ್ಲಕ್ಕಿಂತ ಒಳ್ಳೆಯದು. ಕೊಳ್ಳುವ ಮುನ್ನ ನಾನು ಖಚಿತಪಡಿಸಿಕೊಳ್ಳುವ ಮೊದಲ ಗುಣ ಇದೇ. ಅದಿಲ್ಲದ ವಾಲ್ವಿಗೆ, ಮನೆಯ ಸ್ಮಾರ್ಟ್ ಸಾಧನಗಳನ್ನು ಒಟ್ಟಿಗೆ ನಡೆಸುವ ಹೋಮ್ ಅಸಿಸ್ಟೆಂಟ್‌ನಂಥ ತಂತ್ರಾಂಶದ ಮೂಲಕ ಎರಡು ಅಳತೆಗಳ ವ್ಯತ್ಯಾಸವನ್ನು ಆಗಾಗ ತಿದ್ದುಪಡಿ ಸಂಖ್ಯೆಯಾಗಿ ಕಳುಹಿಸಬಹುದು.

ಅಳತೆ ಸರಿಯಾದ ಮೇಲೂ ತಾಪಮಾನ ಏರಿಳಿಯುತ್ತಿದ್ದರೆ ನೀರಿನ ಬಿಸಿಯನ್ನು ಗಮನಿಸಬೇಕು. ವಾಲ್ವಿನ ಕಡ್ಡಿ ಚಲಿಸುವುದು ಕೆಲವೇ ಮಿಲಿಮೀಟರ್. ಹರಿವಿನ ಹೆಚ್ಚಿನ ಬದಲಾವಣೆ ತೆರೆಯುವಿಕೆಯ ಮೊದಲ ಭಾಗದಲ್ಲಿಯೇ ಆಗಿಹೋಗುತ್ತದೆ. ನೀರು 70 ಡಿಗ್ರಿಯಲ್ಲಿ ಬರುತ್ತಿದ್ದರೆ ಸ್ವಲ್ಪ ತೆರೆದರೂ ರೇಡಿಯೇಟರ್ ಕಾಯುತ್ತದೆ, ವಾಲ್ವ್ ಮುಚ್ಚಿದ ಮೇಲೂ ಲೋಹದಲ್ಲಿ ಮತ್ತು ನೀರಿನಲ್ಲಿ ಉಳಿದ ಶಾಖ ಕೋಣೆಗೆ ಇಳಿಯುತ್ತಲೇ ಇರುತ್ತದೆ, ಹೀಗಾಗಿ ತಾಪಮಾನ ಗುರಿಯನ್ನು ದಾಟುತ್ತದೆ. ಅತಿ ಚಳಿಯ ದಿನಕ್ಕೂ ಸಾಲುವುದಾದರೆ ನೀರನ್ನು 50ರಿಂದ 55 ಡಿಗ್ರಿಗೆ ಇಳಿಸುವುದು ಮೇಲು. ಆಗ ರೇಡಿಯೇಟರ್ ದೀರ್ಘಕಾಲ ಹದವಾಗಿ ಬೆಚ್ಚಗಿರುತ್ತದೆ. ರೇಡಿಯೇಟರಿನಿಂದ ಬಾಯ್ಲರಿಗೆ ಹಿಂತಿರುಗುವ ನೀರು ಸುಮಾರು 55 ಡಿಗ್ರಿಗಿಂತ ಕೆಳಗಿದ್ದಾಗ ಕಂಡೆನ್ಸಿಂಗ್ ಬಾಯ್ಲರ್ ಹೊಗೆಯಲ್ಲಿನ ಆವಿಯ ಶಾಖವನ್ನೂ ಹಿಡಿದುಕೊಳ್ಳುತ್ತದೆ.

ಹತ್ತನೇ ಒಂದು ಡಿಗ್ರಿಯ ನಿಖರತೆಯನ್ನು ಬೆನ್ನಟ್ಟುವುದು ವ್ಯರ್ಥ. ಪ್ರತಿ ಚಲನೆಯೂ ಬ್ಯಾಟರಿಯನ್ನು ತಿನ್ನುವುದರಿಂದ ಸಣ್ಣ ಬದಲಾವಣೆಗೆಲ್ಲ ಮೋಟಾರ್ ತಿರುಗದಂತೆ ಈ ವಾಲ್ವ್‌ಗಳನ್ನು ರೂಪಿಸಿರುತ್ತಾರೆ. ಅರ್ಧ ಡಿಗ್ರಿಯೊಳಗಿನ ಏರಿಳಿತವನ್ನು ನಾನು ಉತ್ತಮ ನಿಯಂತ್ರಣವೆಂದೇ ಪರಿಗಣಿಸುತ್ತೇನೆ.

ಇಷ್ಟಾದರೂ ಮಲಗುವ ಕೋಣೆ ಬಿಸಿಯಾಗದಿದ್ದರೆ ಬಾಯ್ಲರಿಗೆ ಆಜ್ಞೆ ಕೊಡುತ್ತಿರುವುದು ಯಾವುದೆಂದು ನೋಡಬೇಕು. ನಡುಮನೆಯ ಥರ್ಮೋಸ್ಟಾಟ್ ತನ್ನ ಗುರಿ ತಲುಪಿ ಬಾಯ್ಲರನ್ನು ನಿಲ್ಲಿಸಿದರೆ, ಮಲಗುವ ಕೋಣೆಯ ವಾಲ್ವ್ ಪೂರ್ತಿ ತೆರೆದುಕೊಂಡರೂ ಬರುವುದು ತಣ್ಣೀರೇ. ಪ್ರತಿ ಕೋಣೆಯ ಬೇಡಿಕೆಯೂ ಬಾಯ್ಲರಿಗೆ ತಲುಪುವ ವ್ಯವಸ್ಥೆ ಇರಬೇಕು. ಅದು ಸಾಧ್ಯವಿಲ್ಲದಿದ್ದರೆ ನಡುಮನೆಯ ರೇಡಿಯೇಟರಿನ ವಾಲ್ವನ್ನು ಪೂರ್ತಿ ತೆರೆದಿಟ್ಟು, ಅದರ ಇನ್ನೊಂದು ತುದಿಯಲ್ಲಿ ಹರಿವಿಗೆ ಮಿತಿ ಹಾಕುವ ಲಾಕ್‌ಶೀಲ್ಡ್ ವಾಲ್ವನ್ನು ಸ್ವಲ್ಪ ಬಿಗಿ ಮಾಡಿ, ಆ ಕೋಣೆ ಉಳಿದವುಗಳಿಗಿಂತ ನಿಧಾನವಾಗಿ ಕಾಯುವಂತೆ ಹೊಂದಿಸಬೇಕು.